ಮುದ್ದೆಗೆ ಹಲ್ಲು ಬೇಡ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಇದನ್ನು ನನಗೆ ಕಲಿಸಿದವಳು ನನ್ನ ಅಕ್ಕ. ಕಡೂರಿನ ತವರುಮನೆಯಲ್ಲಿ ನಾನು ಚಿಕ್ಕವಳಿದ್ದಾಗ ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಅಗಿಯುತ್ತಾ ಕೂರುತ್ತಿದ್ದೆನಂತೆ. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕೂತು ನನ್ನ ಕೆನ್ನೆಗೆ ಬೆರಳಿನಿಂದ ತಟ್ಟುತ್ತಿದ್ದಳು. "ಅಗೀಬ್ಯಾಡ ಕಣೇ. ಸಾರಲ್ಲಿ ಅದ್ದು, ನಾಲಿಗೆ ಮ್ಯಾಲೆ ಇಡು, ನುಂಗು. ಮುದ್ದೆಗೆ ಹಲ್ಲು ಬ್ಯಾಡ." ಅವ್ವ ಹೊಲದಲ್ಲಿರುತ್ತಿದ್ದಳು. ನನ್ನನ್ನು ಉಣಿಸಿ ಬೆಳೆಸಿದ್ದು ಅಕ್ಕನೇ.

ನಾನು ತರೀಕೆರೆಯಲ್ಲಿ ಅಂಗನವಾಡಿ ಟೀಚರ್. ಇಪ್ಪತ್ತಾರು ವರ್ಷವಾಯಿತು. ಮಕ್ಕಳನ್ನು ತೂಕಕ್ಕೆ ಹಾಕುವುದು, ಪಟ್ಟಿಯಲ್ಲಿ ಗುರುತು ಮಾಡುವುದು, ತೂಕ ಇಳಿದ ಮಗುವಿನ ತಾಯಿಯನ್ನು ಕರೆದು ಬೈಯುವುದು, ಇದೇ ನನ್ನ ಕೆಲಸ. "ಮಗು ಉಣ್ಣಲ್ಲ ಟೀಚರ್" ಅಂದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. "ಉಣ್ಣಲ್ಲ ಅನ್ಬ್ಯಾಡ, ನಂಗೆ ಉಣ್ಸಾಕೆ ಬರಲ್ಲ ಅನ್ನು" ಎನ್ನುತ್ತಿದ್ದೆ. ಎಂಥ ಹಟದ ಮಗುವಾದರೂ ನನ್ನ ಕೈಯಲ್ಲಿ ಉಂಡೇ ಏಳಬೇಕು. ಎಡಗೈ ತಲೆಯ ಹಿಂದೆ, ಹೆಬ್ಬೆರಳು ಗದ್ದದ ಮೇಲೆ, ಮೆಲ್ಲಗೆ ಒತ್ತಿದರೆ ಬಾಯಿ ತಾನಾಗಿ ತೆರೆಯುತ್ತದೆ. ಈ ವಿದ್ಯೆಯ ಮೇಲೆ ನನಗೆ ಬಹಳ ಹೆಮ್ಮೆಯಿತ್ತು.

ಅಕ್ಕನನ್ನು ಕೊಟ್ಟದ್ದು ಅಜ್ಜಂಪುರದ ಹತ್ತಿರದ ಶಿವನಿ ಎಂಬ ಊರಿಗೆ. ಭಾವ ಹೋಗಿ ಮೂರು ವರ್ಷವಾಗಿತ್ತು. ಒಬ್ಬನೇ ಮಗ, ಒಂದಿಷ್ಟು ಹೊಲ. ಸೊಂಟದಲ್ಲಿ ಯಾವಾಗಲೂ ಎಲೆ ಅಡಿಕೆ ಚೀಲ, ಅದರೊಳಗೆ ಹೊಗೆಸೊಪ್ಪು. ಹೋದ ವರ್ಷ ಅವಳಿಗೆ ಕಿವಿನೋವು ಶುರುವಾಯಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡೇ ಎರಡು ತಿಂಗಳು ಕಳೆದಳು. ನೋವು ಕಿವಿಯದಾಗಿರಲಿಲ್ಲ. ನಾಲಿಗೆಯ ಬುಡದಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಮಾಡುವ ಜಾಗವಲ್ಲ, ಕರೆಂಟೇ ಕೊಡಬೇಕು ಎಂದರು ಶಿವಮೊಗ್ಗದ ಆಸ್ಪತ್ರೆಯಲ್ಲಿ. ರೇಡಿಯೇಷನ್ ಎಂಬುದಕ್ಕೆ ನಮ್ಮ ಕಡೆ ಎಲ್ಲರೂ ಕರೆಂಟ್ ಎಂದೇ ಅನ್ನುವುದು. ಮೂವತ್ತಮೂರು ಸಲ, ವಾರಕ್ಕೆ ಐದು ದಿನ. ಡಾಕ್ಟರು ಇನ್ನೂ ಹುಡುಗರ ಹಾಗಿದ್ದರು. ಮೊದಲ ದಿನವೇ ಬೆರಳೆತ್ತಿ ಹೇಳಿದರು: "ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ. ಗ್ಯಾಪ್ ಬಿದ್ರೆ ಕಾಯಿಲೆಗೆ ಜೀವ ಬರುತ್ತೆ." ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

ಈರುಳ್ಳಿ ಕೀಳುವ ಕಾಲ. ಅಕ್ಕನ ಮಗ ಹೊಲ ಬಿಟ್ಟು ಬರುವ ಹಾಗಿರಲಿಲ್ಲ. ಶಿವನಿಯಿಂದ ದಿನಾ ಶಿವಮೊಗ್ಗಕ್ಕೆ ಓಡಾಡುವುದೂ ಆಗದ ಮಾತು. ನನ್ನ ಯಜಮಾನರು ಲಾರಿ ಓಡಿಸುವವರು, ಮನೆಗಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಹಾಗಾಗಿ ಅಕ್ಕನನ್ನು ತರೀಕೆರೆಯ ನನ್ನ ಮನೆಗೇ ಕರೆತಂದೆ. ರಜೆ ಹಾಕಿದೆ. ಬೆಳಿಗ್ಗೆ ರೈಲಿಗೆ ಹೋಗುವುದು, ಮಧ್ಯಾಹ್ನದ ಮೇಲೆ ಬಸ್ಸಿಗೆ ಬರುವುದು. ಅಕ್ಕನ ಮುಖದ ಅಚ್ಚು ತೆಗೆದು ಬಲೆಯಂಥ ಒಂದು ಮುಖವಾಡ ಮಾಡಿದ್ದರು. ಅದನ್ನು ಮುಖದ ಮೇಲಿಟ್ಟು ಮೇಜಿಗೆ ಬಿಗಿದು, ತಲೆ ಅಲ್ಲಾಡದ ಹಾಗೆ ಮಾಡಿ ಕರೆಂಟ್ ಕೊಡುತ್ತಿದ್ದರು. ಮೊದಲ ದಿನ ಹೊರಗೆ ಬಂದ ಅಕ್ಕ ಕೆನ್ನೆಯ ಮೇಲಿನ ಚೌಕುಳಿ ಗುರುತು ಮುಟ್ಟಿಕೊಂಡು ನಕ್ಕಳು. "ಏನೂ ಆಗ್ಲಿಲ್ಲ ಕಣೇ. ಒಂದು ಮಿಷನ್ನು ಸುತ್ತ ತಿರುಗ್ತು. ಇದಕ್ಕೆ ಇಷ್ಟು ಹೆದ್ರಿದ್ನಾ."

ಮೊದಲ ವಾರ ಹಾಗೇ ಇತ್ತು. ಎರಡನೆಯ ವಾರ ರುಚಿ ಹೋಯಿತು. ಕಾಫಿ ಕುಡಿದು "ಇದಕ್ಕೇನು ಬೂದಿ ಹಾಕಿದ್ಯಾ" ಎಂದಳು. ಮೂರನೆಯ ವಾರಕ್ಕೆ ಬಾಯಿಯೊಳಗೆ ಕೆಂಪೆದ್ದು, ಅದರ ಮೇಲೆ ಬಿಳಿಯ ಪದರ ಕಟ್ಟಿತು. ಜೊಲ್ಲು ಅಂಟಿನ ಹಾಗೆ ದಾರದಾರವಾಗಿ ಬರತೊಡಗಿತು. ಉಗಿಯಲೂ ಆಗದು, ನುಂಗಲೂ ಆಗದು. ಕೈಯಲ್ಲೊಂದು ಟವೆಲ್ಲು ಹಿಡಿದು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಮಾತು ನಿಂತಿತು. ಏನಾದರೂ ಬೇಕಿದ್ದರೆ ಸ್ಟೀಲ್ ಲೋಟವನ್ನು ನೆಲಕ್ಕೆ ತಟ್ಟುತ್ತಿದ್ದಳು. ನೀರು ಕುಡಿಯುವ ಮೊದಲು ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದಳು, ಗುಟುಕು ಒಳಗೆ ಇಳಿಯುವ ತನಕ ಅವಳ ಕಾಲಿನ ಬೆರಳುಗಳು ಮಡಚಿಕೊಂಡಿರುತ್ತಿದ್ದವು. ಬರೀ ನೀರಿಗೆ ಹೀಗೆ.

ಕಡೂರಿನಿಂದ ನೆಂಟರು ಎಳನೀರು ಹೊತ್ತು ಬಂದರು. ಎಳನೀರು ತಂಪು, ಅದು ಯಾರಿಗೂ ಕೆಡುಕು ಮಾಡದು ಎಂದು ನಾನೂ ನಂಬಿದ್ದೆ. ಅಕ್ಕ ಒಂದು ಗುಟುಕು ಬಾಯಿಗೆ ಹಾಕಿಕೊಂಡವಳು ಅದನ್ನು ಅಲ್ಲೇ ಬಿಟ್ಟು ಬಾಯಿ ತೆರೆದುಕೊಂಡೇ ಅತ್ತಳು. ಬಂದವರೆಲ್ಲ ಉಷ್ಣ ಎಂದರು. ಜಾಜಿ ಎಲೆ ಅಗಿಸು, ಬಸಳೆ ಸೊಪ್ಪು ಕೊಡು, ನೆತ್ತಿಗೆ ಹರಳೆಣ್ಣೆ ಹಾಕು. ಅಗಿಯಲು ಬಾಯೆಲ್ಲಿದೆ ಅಲ್ಲಿ ಎಂದು ನಾನು ಒಬ್ಬರ ಮೇಲೆ ರೇಗಿದ್ದೂ ಆಯಿತು. ಆಸ್ಪತ್ರೆಯವರು ಹೇಳಿದ್ದಂತೆ ಉಪ್ಪು ಸೋಡಾ ನೀರಲ್ಲಿ ಬಾಯಿ ಮುಕ್ಕಳಿಸುವುದು, ಊಟಕ್ಕೆ ಮೊದಲು ಬಾಯಿ ಮರಗಟ್ಟಿಸುವ ಔಷಧಿ, ನೋವಿನ ಸಿರಪ್ಪು, ಎಲ್ಲವನ್ನೂ ತಪ್ಪದೆ ಮಾಡುತ್ತಿದ್ದೆ. ಒಂದು ದಿನ ಮೊಬೈಲಿನ ಬೆಳಕು ಬಿಟ್ಟು ಅವಳ ಬಾಯಿಯೊಳಗೆ ನೋಡಿದೆ. ಚರ್ಮ ಸುಲಿದು ಬಿಟ್ಟ ಹಾಗಿತ್ತು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನಾನು ಅಳುವವಳಲ್ಲ, ಬೈಯುವವಳು. "ಒಂದು ಲೋಟ ಗಂಜಿ ಕುಡಿಯಾಕೆ ಒಂದು ಗಂಟೆ ಮಾಡ್ತೀಯಲ್ಲ" ಎಂದು ಅವಳಿಗೇ ಬೈದೆ. ಅವಳು ಲೋಟ ನೋಡುತ್ತಾ ಕೂತಳು.

ಪ್ರತಿ ಸೋಮವಾರ ತೂಕ. ಹದಿನಾರನೆಯ ಕರೆಂಟಿನ ಹೊತ್ತಿಗೆ ಡಾಕ್ಟರು ಪಟ್ಟಿ ನೋಡಿ, "ಮೂಗಿನಿಂದ ಪೈಪ್ ಹಾಕೋಣ ಮೇಡಂ, ಅದರಲ್ಲೇ ಊಟ ಕೊಡಬಹುದು" ಎಂದರು. ಅಕ್ಕ ನನ್ನ ಕೈ ಹಿಡಿದಳು. ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು. ಯಾಕೆಂದು ನನಗೆ ಗೊತ್ತಿತ್ತು. ಭಾವನನ್ನು ಮೂಗಿಗೆ ಪೈಪ್ ಹಾಕಿಯೇ ಮನೆಗೆ ಕಳಿಸಿದ್ದರು, ಮೂರನೆಯ ದಿನಕ್ಕೆ ಮುಗಿದಿತ್ತು. ಊರಲ್ಲಿ ಪೈಪ್ ಕಂಡರೆ ಸಾಕು, ಜನ ದನಿ ತಗ್ಗಿಸಿ ಮಾತಾಡಲು ಶುರು ಮಾಡುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತಾಗ ಅಕ್ಕ ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು. ಒಂದೊಂದೇ ಮಾತು, ಒಂದೊಂದಕ್ಕೂ ಕಣ್ಣು ಮುಚ್ಚಿ: "ಪೈಪ್... ಬ್ಯಾಡ... ಕಣೇ."

ನಾನು ಒಳಗೆ ಹೋಗಿ ಹೇಳಿದೆ. "ಒಂದು ವಾರ ಟೈಮ್ ಕೊಡಿ ಸರ್. ನಾನು ಉಣಿಸ್ತೀನಿ. ನಂಗೆ ಅದೇ ಕೆಲಸ."

"ಉಣಿಸೋದ್ರ ಮಾತಲ್ಲ ಮೇಡಂ. ಒಳಗೆ ಸುಟ್ಟ ಗಾಯ ಇದ್ದ ಹಾಗಿದೆ. ಪೈಪ್ ಹಾಕ್ಸಿಕೊಂಡ್ರೆ ಸೋತ ಹಾಗಲ್ಲ. ಮುಗಿದ ಮೇಲೆ ತೆಗೀತೀವಿ."

"ಒಂದು ವಾರ ಸರ್" ಎಂದೆ. ಅವರು ಕೊಟ್ಟರು.

ಆ ವಾರವೆಲ್ಲ ನಾನು ಅವಳ ಹಿಂದೆ ಬಿದ್ದೆ. ರಾಗಿ ಗಂಜಿ, ಹೆಸರುಬೇಳೆ ಕಟ್ಟು, ಬಟ್ಟೆಯಲ್ಲಿ ಸೋಸಿದ ಹಾಲು. ಹತ್ತು ಚಮಚ ಹೋದರೆ ಆರು ಟವೆಲ್ಲಿಗೆ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ಅಂಗನವಾಡಿಯ ಬೀಗದ ಕೈ ನನ್ನಲ್ಲೇ ಇದ್ದುದರಿಂದ ಅವಳನ್ನು ಕರೆದುಕೊಂಡು ಹೋಗಿ ನಮ್ಮ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಮತ್ತೆ ಒಂದೂವರೆ ಕೆ.ಜಿ. ಇಳಿದಿದ್ದಳು. ಅಲ್ಲೇ ರೇಷನ್ ತೂಗುವ ತಕ್ಕಡಿಯ ಬಟ್ಟುಗಳಿದ್ದವು. ಒಂದು ಕೆ.ಜಿ.ದು ಒಂದು, ಅರ್ಧದ್ದು ಒಂದು ತೆಗೆದುಕೊಂಡೆ. ಮಾರನೆಯ ದಿನ ಅವನ್ನು ಅಕ್ಕನ ಖಾಲಿ ಎಲೆ ಅಡಿಕೆ ಚೀಲದೊಳಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಮುಚ್ಚಿದೆ. ಮಕ್ಕಳ ಜೇಬಿಗೆ ಕಲ್ಲು ಹಾಕಿ ಕಳಿಸಿದ ತಾಯಂದಿರನ್ನು ಹಿಡಿದವಳು ನಾನು. ಅಕ್ಕನಿಗೆ ನಗು ಬಂತು, ತುಟಿ ಬಿರಿದು ನೋವಾಗಿ ನಿಲ್ಲಿಸಿದಳು. ನರ್ಸು ತೂಕ ಬರೆದುಕೊಂಡು, "ಇಳಿದಿಲ್ಲ, ಒಳ್ಳೇದು" ಎಂದಳು. ವಾಪಸ್ಸು ಬರುವಾಗ ನಾನು ಗೆದ್ದು ಬಂದವಳ ಹಾಗೆ ಕಿಟಕಿ ಪಕ್ಕ ಕೂತಿದ್ದೆ.

ತೂಕದ ಯಂತ್ರಕ್ಕೆ ಸುಳ್ಳು ಹೇಳಬಹುದು, ಮುಖವಾಡಕ್ಕೆ ಹೇಳಲಾಗದು. ಆ ಶುಕ್ರವಾರ, ಇಪ್ಪತ್ತೈದನೆಯ ಕರೆಂಟಿನ ದಿನ, ಒಳಗಿನವರು ಡಾಕ್ಟರನ್ನು ಕರೆದರು. ಮುಖವಾಡ ಸಡಿಲವಾಗಿತ್ತು. ಕೆನ್ನೆಗೂ ಬಲೆಗೂ ಮಧ್ಯೆ ಬೆರಳು ಹೋಗುತ್ತಿತ್ತಂತೆ. ತಲೆ ಅಲ್ಲಾಡಿದರೆ ಕರೆಂಟ್ ಬೇರೆ ಕಡೆ ಬೀಳುತ್ತದೆ. ಡಾಕ್ಟರು ನನ್ನನ್ನೂ ಚೀಟಿಯನ್ನೂ ನೋಡಿದರು. "ತೂಕ ಸರಿ ಇದೆ ಅಂತ ಬರೆದಿದೆ. ಮುಖ ಹಾಗೆ ಹೇಳ್ತಿಲ್ಲ. ಇವತ್ತು ಹೇಗೋ ಮಾಡ್ತೀವಿ. ಸೋಮವಾರ ಹೊಸ ಮಾಸ್ಕು, ಅವತ್ತೇ ಪೈಪ್. ಇನ್ನು ನಾನು ಕೇಳಲ್ಲ."

ಅಂದರೆ ನನ್ನ ಕೈಯಲ್ಲಿ ಎರಡೇ ದಿನ ಉಳಿದಿದ್ದವು. ಎರಡು ದಿನದಲ್ಲಿ ಯಾರ ಕೆನ್ನೆಯೂ ತುಂಬುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಆ ಬುದ್ಧಿ ಆಗ ನನಗಿರಲಿಲ್ಲ. ಬಾಯಲ್ಲಿ ಒಂದು ತುತ್ತು ಗಟ್ಟಿ ಅನ್ನ ಇಳಿಯಿತು ಅಂತ ತೋರಿಸಿದರೆ ಸಾಕು, ಅವರು ಒಪ್ಪುತ್ತಾರೆ ಎಂದುಕೊಂಡೆ. ಅನ್ನವನ್ನು ಅಗಿಯಬೇಕು. ಇಡ್ಲಿಗೂ ಬಾಯಲ್ಲಿ ನೀರಾಡಬೇಕು. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದಾಗ ಉಳಿದದ್ದು ಮುದ್ದೆ. ಮುದ್ದೆಗೆ ಹಲ್ಲು ಬೇಡ, ನಾಲಿಗೆಯ ಕೆಲಸವೂ ಇಲ್ಲ, ಜಾರಿಕೊಂಡು ಹೋಗುತ್ತದೆ. ಹುಟ್ಟಿದಾಗಿನಿಂದ ಉಂಡದ್ದು. ಇಷ್ಟು ದಿನ ನನಗೆ ಯಾಕೆ ಹೊಳೆಯಲಿಲ್ಲವೆಂದು ನನ್ನನ್ನೇ ಬೈದುಕೊಂಡೆ.

ಭಾನುವಾರ ಹನ್ನೊಂದು ಗಂಟೆಗೆ ಎಸರಿಟ್ಟೆ. ಹಿಟ್ಟನ್ನು ಎರಡು ಸಲ ಜರಡಿ ಹಿಡಿದಿದ್ದೆ. ಕೋಲಿನಲ್ಲಿ ತಿರುವಿ ತಿರುವಿ ಒಂದು ಗಂಟೂ ಇಲ್ಲದ ಹಾಗೆ ಮಾಡಿದೆ. ಆರಿಸಿದೆ. ಖಾರವಿಲ್ಲದ ಬೇಳೆ ಕಟ್ಟು, ಮೇಲೆ ತುಪ್ಪ. ಅಕ್ಕನಿಗೆ ಮರಗಟ್ಟಿಸುವ ಔಷಧಿ ಎಂದಿಗಿಂತ ಒಂದು ಮುಚ್ಚಳ ಹೆಚ್ಚೇ ಕೊಟ್ಟೆ. ತಟ್ಟೆ ಕಂಡಾಗ ಅವಳು ಇಲ್ಲವೆಂದು ತಲೆಯಾಡಿಸಿದಳು.

"ಒಂದೇ ತುತ್ತು ಅಕ್ಕ. ಗೋಲಿಯಷ್ಟು."

ಮತ್ತೆ ತಲೆಯಾಡಿಸಿದಳು. ನನ್ನ ಮಣಿಕಟ್ಟು ಹಿಡಿದು ತಟ್ಟೆಯನ್ನು ಆಚೆ ಸರಿಸಿದಳು.

"ನೀನೇ ಹೇಳ್ಕೊಟ್ಟಿದ್ದಲ್ವಾ, ನುಂಗಿದ್ರೆ ಆಯ್ತು ಅಂತ. ನಾಳೆ ಪೈಪ್ ಹಾಕ್ತಾರೆ, ಬೇಕಾ ನಿಂಗೆ? ಭಾವನ ಥರ ಮನಿಕ್ಕೋಬೇಕಾ?"

ಆ ಮಾತಿಗೆ ಅವಳ ಕೈ ಸಡಿಲವಾಯಿತು. ಆದರೂ ಬಾಯಿ ತೆರೆಯಲಿಲ್ಲ. ತೆರೆದದ್ದು ನಾನು. ಎಡಗೈ ಅವಳ ತಲೆಯ ಹಿಂದೆ ಹೋಯಿತು, ಹೆಬ್ಬೆರಳು ಗದ್ದದ ಮೇಲೆ. ಒತ್ತಿದೆ. ಬಾಯಿ ತೆರೆಯಿತು. ತುತ್ತನ್ನು ನಾಲಿಗೆಯ ಹಿಂದಕ್ಕೇ ಇಟ್ಟೆ. "ನುಂಗು" ಎಂದೆ.

ನುಂಗುವ ಶಕ್ತಿಯೇ ಅಲ್ಲಿ ಉಳಿದಿರಲಿಲ್ಲ. ಮರಗಟ್ಟಿದ ಗಂಟಲಿಗೆ ತುತ್ತು ಎಲ್ಲಿದೆಯೆಂದೇ ಗೊತ್ತಾಗಿರಲಿಕ್ಕಿಲ್ಲ. ಅದು ಅಂಟಿಕೊಂಡಿತು. ಅಕ್ಕನ ಕಣ್ಣುಗಳು ದೊಡ್ಡವಾದವು. ಉಸಿರೆಳೆದಳು, ಅದು ಉಸಿರಿನ ಜೊತೆಗೇ ಒಳಗೆ ಹೋಯಿತು. ನಾನು ಅವಳನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದೆ. ಬಾಯಿಗೆ ಬೆರಳು ಹಾಕಿ ಎಳೆದೆ. ರಾಗಿಯ ಜೊತೆ ರಕ್ತ ಬಂತು, ಬಿಳಿಯ ಸಿಪ್ಪೆಯೂ ಬಂತು. ಪಕ್ಕದ ಮನೆಯವರ ಆಟೋದಲ್ಲಿ ತರೀಕೆರೆ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ದಾರಿಯುದ್ದಕ್ಕೂ ಅವಳ ಎದೆ ಗೊರಗೊರ ಅನ್ನುತ್ತಿತ್ತು. ನನ್ನ ಬಲಗೈ ಬೆರಳಿನಲ್ಲಿ ಹಿಟ್ಟು ಒಣಗಿತ್ತು.

ಶ್ವಾಸಕೋಶಕ್ಕೆ ಹೋಗಿ ಸೋಂಕಾಗಿದೆ ಎಂದರು. ಜ್ವರ ಏರಿತು. ಕರೆಂಟ್ ನಿಲ್ಲಿಸಿದರು. ಯಾವುದು ತಪ್ಪಬಾರದು ಎಂದು ಅಷ್ಟು ದಿನ ರೈಲು ಹಿಡಿದಿದ್ದೆವೋ ಅದೇ ತಪ್ಪಿತು. ನಾನು ವಾರ್ಡಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತು, ದೇವರೇ, ಇನ್ನು ಯಾವ ಮಗುವಿನ ಗದ್ದವನ್ನೂ ಮುಟ್ಟುವುದಿಲ್ಲ, ಇವಳ ಜ್ವರ ಇಳಿಸು ಎಂದೆ. ಎಂಥ ಹುಚ್ಚು ಹರಕೆ ಅನ್ನುವುದು ಆಗಲೂ ಗೊತ್ತಿತ್ತು.

ಎರಡನೆಯ ದಿನ ಅಕ್ಕನ ಮಗ ಬಂದ. ಅಂಗಿಯ ತೋಳಿನಲ್ಲಿ ಇನ್ನೂ ಈರುಳ್ಳಿ ಸಿಪ್ಪೆ ಅಂಟಿತ್ತು. ಅವಳ ಮೂಗಿನಲ್ಲಿ ಪೈಪ್ ಇತ್ತು. ಎಚ್ಚರವಿಲ್ಲದ ಹೊತ್ತಿನಲ್ಲೇ ಹಾಕಿದ್ದರು. ಡಾಕ್ಟರೂ ಅಲ್ಲೇ ಇದ್ದರು. ಅವನು ಕೇಳಿದ: "ಈ ಬಾಯಿಗೆ ಮುದ್ದೆ ಯಾಕೆ ಕೊಟ್ರಿ ಚಿಕ್ಕಮ್ಮ?"

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಚದ ಕಬ್ಬಿಣಕ್ಕೆ ಉಂಗುರ ಬಡಿದ ಸದ್ದಾಯಿತು. ಅಕ್ಕ ಎಲ್ಲರೂ ತನ್ನ ಕಡೆ ನೋಡುವವರೆಗೂ ಬಡಿದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡಳು. ಗಾಳಿಯಲ್ಲಿ ಉಂಡೆ ಕಟ್ಟಿ ಬಾಯಿಗೆ ತೋರಿಸಿದಳು. ನನ್ನ ಕಡೆ ಬೆರಳು ಮಾಡಿ, ಬೇಡ ಬೇಡ ಎಂದು ಕೈಯಾಡಿಸಿದಳು. 'ನಾನೇ ಕೇಳಿದೆ, ಇವಳು ಬೇಡ ಅಂದಳು, ನಾನು ಬಿಡಲಿಲ್ಲ' ಎಂದು ಅದರ ಅರ್ಥ. ಸೂಜಿ ಚುಚ್ಚಿದ ಕೈಯಲ್ಲೇ ಇಷ್ಟನ್ನೂ ಹೇಳಿ ಮುಗಿಸಿದಳು.

ಮಗ ಅವಳ ಮೇಲೆ ರೇಗಿದ. "ಸಾಯೋ ಹೊತ್ನಾಗೂ ನಾಲಿಗೆ ಚಪಲ ಬಿಡ್ಲಿಲ್ವಲ್ಲವ್ವ ನಿಂಗೆ. ಚಿಕ್ಕಮ್ಮ ನೌಕ್ರಿ ಬಿಟ್ಟು ನಿನ್ ಚಾಕ್ರಿ ಮಾಡ್ತಾ ಅವ್ರೆ, ಅವ್ರ ಮಾತೂ ಕೇಳಲ್ವಾ?" ಡಾಕ್ಟರೂ ಎರಡು ಮಾತು ಸೇರಿಸಿದರು. ಅಕ್ಕ ಬೈಸಿಕೊಂಡು ಮಲಗಿದ್ದಳು. ನಾನು ಅಲ್ಲೇ ನಿಂತಿದ್ದೆ. ಒಂದೇ ಒಂದು ಮಾತು ಸಾಕಿತ್ತು. ಆಡಲಿಲ್ಲ.

ಒಂಬತ್ತು ದಿನ ಕರೆಂಟ್ ತಪ್ಪಿತು. ಪೈಪಿನಿಂದ ದಿನಕ್ಕೆ ಏಳು ಸಲ ಗಂಜಿ, ಹಾಲು. ಸಿರಿಂಜಿನಲ್ಲಿ ಹಾಕಿದರೆ ಐದು ನಿಮಿಷಕ್ಕೆ ಇಳಿಯುತ್ತಿತ್ತು. ಒಂದು ಹನಿಯೂ ಬಾಯಿಗೆ ತಾಗುತ್ತಿರಲಿಲ್ಲ. ವಾರದಲ್ಲಿ ಅವಳು ಎದ್ದು ಕೂತಳು. ಇಷ್ಟು ಸುಲಭವಾದದ್ದನ್ನು ಬೇಡವೆಂದು ನಾವಿಬ್ಬರೂ ಎಷ್ಟು ಕಷ್ಟಪಟ್ಟಿದ್ದೆವು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೊಸ ಮುಖವಾಡ ಮಾಡಿದರು. ಉಳಿದ ಎಂಟು ಕರೆಂಟ್ ಮುಗಿಯಿತು. ಒಂದೂವರೆ ತಿಂಗಳಿಗೆ ಬಾಯಿ ಮಾಯ್ದು ಪೈಪ್ ತೆಗೆದರು. ಅಕ್ಕ ಶಿವನಿಯ ಮನೆಗೆ ಹೋದಳು. ಮಗ ನನ್ನ ಮನೆಗೆ ಒಂದು ಮೂಟೆ ಈರುಳ್ಳಿ ಇಳಿಸಿ, "ನೀವಿಲ್ದಿದ್ರೆ ಅವ್ವ ಉಳೀತಿರ್ಲಿಲ್ಲ ಚಿಕ್ಕಮ್ಮ" ಎಂದು ಕಾಲಿಗೆ ಬಿದ್ದ. ನಮ್ಮ ಮನೆಯಲ್ಲಿ ಯಾರು ಆ ಈರುಳ್ಳಿ ತಿನ್ನುವುದು? ಅರ್ಧ ಮೊಳಕೆ ಬಂತು.

ಈಗ ಅಕ್ಕ ನೀರಿನ ಬಾಟಲಿ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಜೊಲ್ಲು ಬತ್ತಿದೆ. ದನಿ ಗೊಗ್ಗರು. ನೋಡಲು ಬಂದವರಿಗೆ ತಾನೇ ಕತೆ ಹೇಳುತ್ತಾಳೆ, "ನಂದೇ ಚಪಲ ಕಣ್ರೀ, ಮುದ್ದೆ ಬೇಕೇ ಬೇಕು ಅಂತ ಕುಂತ್ಬಿಟ್ಟೆ" ಎಂದು. ಎಲ್ಲರೂ ನಗುತ್ತಾರೆ. ನಾನಿದ್ದರೆ ನಾನೂ ನಗುತ್ತೇನೆ.

ಹೋದ ವಾರ ಸ್ಕ್ಯಾನಿಂಗಿನ ಫಲಿತಾಂಶಕ್ಕೆ ಇಬ್ಬರೇ ಹೋಗಿದ್ದೆವು. ಡಾಕ್ಟರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಒಂದು ಕಡೆ ಸ್ವಲ್ಪ ಅನುಮಾನವಿದೆ, ಗಾಯ ಮಾಯ್ದ ಗುರುತೂ ಇರಬಹುದು, ಬೇರೆಯೂ ಇರಬಹುದು, ಆರು ವಾರ ಬಿಟ್ಟು ಇನ್ನೊಂದು ಸಲ ನೋಡೋಣ ಎಂದರು. ನಾನು ಕೇಳಿದೆ, "ಆ ಒಂಬತ್ತು ದಿನದ ಗ್ಯಾಪಿಂದ ಆಯ್ತಾ ಸರ್?" ಹೇಳೋಕೆ ಆಗಲ್ಲ ಎಂದರು. ಅಕ್ಕ ನಕ್ಕು, "ಎಲ್ಲ ನಂದೇ ಚಪಲ ಡಾಕ್ಟ್ರೇ" ಎಂದಳು.

ಅವಳನ್ನು ಅಜ್ಜಂಪುರದ ತನಕ ಬಿಟ್ಟು ಬರುತ್ತೇನೆಂದು ಜೊತೆಗೆ ಹೋದೆ. ಅಲ್ಲಿ ಬಸ್ಸಿಳಿದು, ಶಿವನಿ ಬಸ್ಸಿಗೆ ಕಾಯುತ್ತಾ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತೆವು. ಅವಳು ಬಾಟಲಿಯಿಂದ ಸಣ್ಣ ಗುಟುಕು ಹಾಕಿಕೊಂಡು ಬಾಯಲ್ಲೇ ಹೊರಳಾಡಿಸುತ್ತಿದ್ದಳು. ನಾನು ಹೇಳಿದೆ, "ಅಕ್ಕ, ಅವತ್ತು ನೀನು ಬ್ಯಾಡ ಅಂದಿದ್ದೆ. ನಿನ್ನ ಮಗನಿಗೆ ಹೇಳ್ಬಿಡ್ತೀನಿ. ನನ್ ಕೈಲಿ ಆಗ್ತಿಲ್ಲ."

ಅವಳು ನೀರು ನುಂಗುವವರೆಗೂ ಕಾಯಬೇಕಾಯಿತು.

"ಹೇಳ್ಬ್ಯಾಡ ಕಣೇ. ಅವ್ನ ಸಿಟ್ಟು ನಿಂಗೆ ಗೊತ್ತಿಲ್ಲ. ಸಿಟ್ಟಾದ್ರೆ ಆ ಮನೇಲಿ ನೀರೂ ಮುಟ್ಟಲ್ಲ, ಅವ್ರಪ್ಪನ ಥರ. ನಾನು ಹೋದ್ಮೇಲೆ ಅವ್ನಿಗೆ ಬಂದು ಉಣ್ಣಾಕೆ ಒಂದು ಮನೆ ಬ್ಯಾಡ್ವಾ?"

ಬಸ್ಸು ಬಂತು. ಅವಳೇ ಹತ್ತಿದಳು, ನನ್ನ ಕೈ ಹಿಡಿಯಲಿಲ್ಲ.

ಅಂದರೆ ಆ ಮಂಚದ ಮೇಲೆ, ಉಸಿರಿಗೆ ಪರದಾಡುತ್ತಿದ್ದಾಗಲೇ ಅವಳು ಅಷ್ಟು ದೂರ ಯೋಚಿಸಿದ್ದಳು. ತಾನು ಉಳಿಯುವುದಿಲ್ಲವೆಂದುಕೊಂಡೇ ಆ ಸುಳ್ಳು ಹೇಳಿದ್ದಳು. ಅದು ಗೊತ್ತಾದ ಮೇಲೆ ನಾನು ಉಣ್ಣಲು ಕೂತವಳು ಅರ್ಧಕ್ಕೇ ಕೈ ತೊಳೆದು ಏಳುತ್ತೇನೆ. ಅಂಗನವಾಡಿಯಲ್ಲಿ ಬಾಯಿ ಮುಚ್ಚಿ ಕೂತ ಮಗುವಿನ ಮುಂದೆ ತಟ್ಟೆ ಇಟ್ಟು ಎದ್ದು ಹೋಗುತ್ತೇನೆ.

ಅಕ್ಕನ ಮಾತನ್ನು ಮೀರಿ ಇದನ್ನೆಲ್ಲ ಬರೆದಿದ್ದೇನೆ. ಈ ಭಾನುವಾರ ಶಿವನಿಯ ಮನೆಗೆ ಹೋಗಿ ಅವಳ ಮಗನ ಕೈಗೆ ಕೊಡುತ್ತೇನೆ. ಬೈಯಲಿ. ನನ್ನ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎನ್ನಲಿ. ಅವಳಿರುವಾಗಲೇ ಅನ್ನಲಿ. ನಮ್ಮಿಬ್ಬರನ್ನೂ ಎಳೆದು ತಂದು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸುವ ಕೆಲಸ ಅವಳ ತಲೆಗೆ ಬೀಳಲಿ. ಅದಕ್ಕಾದರೂ ಅವಳು ಇರಬೇಕಾಗುತ್ತದೆ.